ಹೇಳೋರು ಕೇಳೋರು ಇದ್ದ ಬಡಾವಣೆ: ಬೆಕನ್‌ಟ್ರೀಯವರ ನೆನಪುಗಳು

(ಲಂಡನ್ನಿನ ಪೂರ್ವಕ್ಕಿರುವ ಬೆಕನ್‌ಟ್ರೀ ಅನ್ನುವ ಬಡಾವಣೆಯ ಬಗ್ಗೆ ನಮ್ಮ ಓದುಗರ ಕೂಟದಲ್ಲಿ ಈಚೆಗೆ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ಒಂದು ಹಳೇ ಚುಚ್ಚುಮಾತಿದೆ. ಕೊಳೆಗೇರಿಯವರಿಗೆ ಬಚ್ಚಲು ಇರುವ ಮನೆ ಕಟ್ಟಿಕೊಟ್ಟರೆ ಅವರು ಸ್ನಾನದ ತೊಟ್ಟಿಯಲ್ಲಿ ಕಲ್ಲಿದ್ದಲು ತುಂಬಿಡುತ್ತಾರಂತೆ. ಹೀಗೆ ಹೇಳಿದವರಲ್ಲಿ ಅಂಥ ತೊಟ್ಟಿಯನ್ನು ಕಣ್ಣಾರೆ ಕಂಡವರು ಸಿಗುವುದು ಕಷ್ಟ. ಎಲ್ಲರೂ ಯಾರೋ ಹೇಳಿದ್ದನ್ನು ಕೇಳಿಸಿಕೊಂಡವರೇ. ಆದರೆ ಯಾರ ಮೇಲೆ ಆ ಮಾತು ಬಿತ್ತೋ ಅವರು ಮರೆಯಲಿಲ್ಲ. ಕೌನ್ಸಿಲ್ ಮನೆಯಲ್ಲಿ ಬೆಳೆದ ಹಳಬರನ್ನು ಮಾತಿಗೆ ಎಳೆಯಿರಿ, ಎಲ್ಲೋ ಒಂದು ಕಡೆ ಈ ಕಲ್ಲಿದ್ದಲು ಬಂದೇ ಬರುತ್ತದೆ. ನಗುತ್ತಲೇ ಹೇಳುತ್ತಾರೆ. ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಕೌನ್ಸಿಲ್ ಮನೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಲ್ಲಿನ ಸ್ಥಳೀಯ ಸರ್ಕಾರ, ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ತಾನೇ ಕಟ್ಟಿಸಿ ಜನರಿಗೆ ಬಾಡಿಗೆಗೆ ಕೊಡುವ ಮನೆ. ನಮ್ಮ ಕ್ವಾರ್ಟರ್ಸ್ ಅಲ್ಲ ಅದು, ಕೆಲಸ ಬಿಟ್ಟರೆ ಮನೆ ಬಿಡಬೇಕಾಗಿಲ್ಲ. ಹೌಸಿಂಗ್ ಬೋರ್ಡ್ ಮನೆಯೂ ಅಲ್ಲ, ಕಂತು ಕಟ್ಟಿ ಮುಗಿದ ಮೇಲೆ ನಮ್ಮದಾಗುವುದಿಲ್ಲ. ವಾರ ವಾರ ಬಾಡಿಗೆ ಕಟ್ಟುವುದು, ಇರುವುದು. ಬಾಡಿಗೆ ಸರಿಯಾಗಿ ಕಟ್ಟಿಕೊಂಡು ಹೋದರೆ ಸಾಮಾನ್ಯವಾಗಿ ಯಾರೂ ಎಬ್ಬಿಸುತ್ತಿರಲಿಲ್ಲ. ಅಪ್ಪ ಅಮ್ಮ ಬಂದ ಮನೆಯಲ್ಲೇ ಮಕ್ಕಳು ಮುದುಕರಾದದ್ದೂ ಉಂಟು.

ನಾನು ಆರಿಸಿಕೊಂಡಿರುವ ಜಾಗ ಬೆಕನ್‌ಟ್ರೀ. ಲಂಡನ್ನಿನ ಪೂರ್ವಕ್ಕೆ, ಡ್ಯಾಗನಮ್ ಅನ್ನುವ ಊರಿನ ಸುತ್ತ ಇದೆ. ಅಲ್ಲಿನ ಕೌನ್ಸಿಲ್ ಬಡಾವಣೆ ಅಂದ ತಕ್ಷಣ ನಮಗೆ ಎತ್ತರದ ಕಾಂಕ್ರೀಟ್ ಕಟ್ಟಡ, ಕೆಟ್ಟುನಿಂತ ಲಿಫ್ಟ್, ಗೋಡೆ ಮೇಲೆ ಗೀಚಿದ ಬರಹ ಇವೇ ಕಣ್ಣಿಗೆ ಬರುತ್ತವೆ. ಬೆಕನ್‌ಟ್ರೀಯಲ್ಲಿ ಅದ್ಯಾವುದೂ ಇಲ್ಲ. ಬಹುಪಾಲು ಎರಡಂತಸ್ತಿನ ಪುಟ್ಟ ಇಟ್ಟಿಗೆ ಮನೆಗಳು. ಒಂದಕ್ಕೊಂದು ಅಂಟಿಕೊಂಡ ಸಾಲುಗಳು. ಮುಂದೆ ಅಂಗೈಯಗಲ ತೋಟ, ಹಿಂದೆ ಹಿತ್ತಲು, ಬೀದಿ ಕಡೆಗೆ ಹಸಿರು ಗಿಡದ ಬೇಲಿ. ಸುಮಾರು 26,000 ಮನೆ. 1,00,000ಕ್ಕೂ ಜಾಸ್ತಿ ಜನ. ಪ್ರಪಂಚದಲ್ಲೇ ಅತಿ ದೊಡ್ಡ ಸರ್ಕಾರಿ ವಸತಿ ಬಡಾವಣೆ ಅಂತ ಆಗ ಹೆಸರಾಗಿತ್ತು. ನಾಲ್ಕು ಚದರ ಮೈಲಿ ಜಾಗ, ಅಷ್ಟೂ ಒಂದೇ ಮಾಲೀಕನ ಕೈಯಲ್ಲಿ.

ಆ ಮಾಲೀಕ ಲಂಡನ್ ಕೌಂಟಿ ಕೌನ್ಸಿಲ್. ಎಲ್‌ಸಿಸಿ ಅಂತ ಕರೆಯೋಣ. ಮೊದಲ ಮಹಾಯುದ್ಧ 1918ರಲ್ಲಿ ಮುಗಿಯಿತು. ಸೈನಿಕರು ಮರಳಿ ಬಂದರು, ಇರುವುದಕ್ಕೆ ಮನೆಯಿಲ್ಲ. ವೀರರಿಗೆ ತಕ್ಕ ಮನೆ ಕೊಡುತ್ತೇವೆ ಅಂತ ಪ್ರಧಾನಿ ಲಾಯ್ಡ್ ಜಾರ್ಜ್ ಮಾತು ಕೊಟ್ಟರು. 1919ರಲ್ಲಿ ಮಂತ್ರಿ ಕ್ರಿಸ್ಟೋಫರ್ ಆಡಿಸನ್ ಕಾಯ್ದೆ ತಂದರು, ಕೌನ್ಸಿಲ್‌ಗಳು ಮನೆ ಕಟ್ಟಿದರೆ ಸರ್ಕಾರದ ದುಡ್ಡು ಸೇರುತ್ತದೆ ಅಂತ. ಎಲ್‌ಸಿಸಿ ಎಸೆಕ್ಸ್ ಜಿಲ್ಲೆಯಲ್ಲಿ ತರಕಾರಿ ಬೆಳೆಯುತ್ತಿದ್ದ ಹೊಲಗಳನ್ನು ಕೊಂಡು, 1921ರಿಂದ 1935ರವರೆಗೆ ಕಟ್ಟಿಸುತ್ತಲೇ ಹೋಯಿತು. ಇಟ್ಟಿಗೆ ಮರ ಸಾಗಿಸುವುದಕ್ಕೆ ಗುತ್ತಿಗೆದಾರರು ಥೇಮ್ಸ್ ನದಿಗೆ ಒಂದು ಕಟ್ಟೆ ಕಟ್ಟಿ, ಅಲ್ಲಿಂದ ಬಡಾವಣೆಗೆ ತಮ್ಮದೇ ರೈಲುಹಳಿ ಹಾಕಿಸಿಕೊಂಡಿದ್ದರು. ಇತಿಹಾಸ ಇಷ್ಟು ಸಾಕು.

ಈಗ ನೆನಪುಗಳಿಗೆ ಬರೋಣ. ಲಂಡನ್ನಿನಲ್ಲಿ ಕೆಲವು ವರ್ಷ ಕೆಲಸ ಮಾಡುವಾಗ ಅಲ್ಲಿನ ಹಳಬರ ಮಾತು ಕೇಳುವ, ಓದುವ ಅಭ್ಯಾಸ ಬೆಳೆಯಿತು. ಬಡಾವಣೆಯ ನಡುವೆಯೇ ವ್ಯಾಲೆನ್ಸ್ ಹೌಸ್ ಅಂತ ಒಂದು ಹಳೆಯ ಜಮೀನ್ದಾರರ ಮನೆ ಇದೆ. ಈಗ ಅದು ಸ್ಥಳೀಯ ಮ್ಯೂಸಿಯಂ ಮತ್ತು ದಾಖಲೆಗಳ ಭಂಡಾರ. 2021ರಲ್ಲಿ ಬಡಾವಣೆಗೆ ನೂರು ತುಂಬಿದಾಗ ಈ ನೆನಪುಗಳಿಗೆಲ್ಲ ಮತ್ತೆ ಜೀವ ಬಂತು.

ಮೊದಲ ದಿನದ ನೆನಪು ಹೆಚ್ಚುಕಮ್ಮಿ ಎಲ್ಲರದೂ ಒಂದೇ. ನಲ್ಲಿ ತಿರುಗಿಸಿ ನೋಡಿದ್ದು. ಮಕ್ಕಳು ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಅಮ್ಮನ ಕೈಯಲ್ಲಿ ಬೈಸಿಕೊಂಡದ್ದು. ಹೊಸ ಬಣ್ಣದ ವಾಸನೆ. ಇವರು ಬಂದದ್ದು ಲಂಡನ್ನಿನ ಈಸ್ಟ್ ಎಂಡ್‌ನಿಂದ. ಅಲ್ಲಿ ಎರಡು ಕೋಣೆಯಲ್ಲಿ ಏಳೆಂಟು ಜನ. ಅಂಗಳದಲ್ಲಿ ಒಂದೇ ನಲ್ಲಿ, ಒಂದೇ ಕಕ್ಕಸು, ಅದಕ್ಕೆ ನಾಲ್ಕೈದು ಸಂಸಾರ. ಹಾಗಿದ್ದವರಿಗೆ ತಮ್ಮ ಮನೆಯ ಬಾಗಿಲು ಹಾಕಿಕೊಂಡು, ತಮ್ಮದೇ ಕಕ್ಕಸಿಗೆ ಹೋಗುವುದು ಎಂಥ ಸುಖ ಅಂತ ನಮ್ಮಲ್ಲಿ ವಠಾರದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಸ್ನಾನದ ತೊಟ್ಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕಲ್ಲಿದ್ದಲಿನ ಕಥೆಗೆ ಉತ್ತರ ಅಲ್ಲೇ ಇದೆ. ಎಷ್ಟೋ ಮನೆಗಳಲ್ಲಿ ತೊಟ್ಟಿ ಇದ್ದದ್ದು ಬೇರೆ ಬಚ್ಚಲುಮನೆಯಲ್ಲಲ್ಲ, ಅಡುಗೆಮನೆಯಲ್ಲೇ. ಉಳಿದ ಹೊತ್ತಿನಲ್ಲಿ ಅದರ ಮೇಲೊಂದು ಹಲಗೆ ಮುಚ್ಚಿರುತ್ತಿತ್ತು. ಆ ಹಲಗೆಯ ಮೇಲೇ ತರಕಾರಿ ಹೆಚ್ಚುವುದು, ಹಿಟ್ಟು ನಾದುವುದು, ಪಾತ್ರೆ ಒಣಗಿಸುವುದು. ಪಕ್ಕದಲ್ಲಿ ಬಟ್ಟೆ ಕುದಿಸುವ ಹಂಡೆ. ವಾರದ ಕೊನೆಗೆ ಹಲಗೆ ಎತ್ತಿ, ಹಂಡೆಗೆ ಉರಿ ಹಾಕಿ, ಬಿಸಿನೀರು ಮೊಗೆದು ತೊಟ್ಟಿಗೆ ಸುರಿಯಬೇಕು. ಮೊದಲು ಚಿಕ್ಕ ಮಕ್ಕಳು, ಆಮೇಲೆ ದೊಡ್ಡವರು, ಅದೇ ನೀರು. ಅಷ್ಟು ಹೊತ್ತು ಅಡುಗೆಮನೆಗೆ ಉಳಿದವರಿಗೆ ಪ್ರವೇಶವಿಲ್ಲ. ಅಣ್ಣ ಸ್ನಾನ ಮಾಡುತ್ತಿದ್ದಾನೆ ಅಂತ ಒಂದು ಲೋಟ ಚಹಾ ಕೂಡ ಕಾಸುವ ಹಾಗಿಲ್ಲ. ಅಂಥ ಮನೆಯಲ್ಲಿ ತೊಟ್ಟಿಗೆ ಕಲ್ಲಿದ್ದಲು ಸುರಿದರೆ ಆ ಹೆಂಗಸು ಅಡುಗೆ ಎಲ್ಲಿ ಮಾಡಬೇಕು? ಚುಚ್ಚುಮಾತು ಕಟ್ಟಿದವರು ಇಂಥ ಅಡುಗೆಮನೆಗೆ ಯಾವತ್ತೂ ಕಾಲಿಟ್ಟವರಲ್ಲ ಅನಿಸುತ್ತದೆ.

ಆದರೆ ಈ ಖುಷಿಯ ನೆನಪುಗಳನ್ನು ಓದುತ್ತಾ ಹೋದ ಹಾಗೆ ನನಗೊಂದು ಅನುಮಾನ ಶುರುವಾಯಿತು. ಹೇಳುತ್ತಿರುವವರು ಯಾರು? ಲೆಕ್ಕ ಹಾಕಿ ನೋಡಿ. 1980ರ, 1990ರ ದಶಕದಲ್ಲಿ ಟೇಪ್‌ ರೆಕಾರ್ಡರ್ ಮುಂದೆ ಕೂತು 1920ರ ದಶಕದ ಕಥೆ ಹೇಳಿದವರೆಲ್ಲ ಆಗ ಮಕ್ಕಳು. ಐದು ವರ್ಷದವರು, ಹತ್ತು ವರ್ಷದವರು. ಮಕ್ಕಳಿಗೆ ಬೆಕನ್‌ಟ್ರೀ ಸ್ವರ್ಗ. ಇನ್ನೂ ಮನೆ ಏಳದ ಬಯಲು, ಹಳ್ಳ, ಮರ, ಕಟ್ಟಡದ ಮರಳುಗುಡ್ಡೆ. ಜಾಸ್ತಿ ಹೊತ್ತು ಬೀದಿಯಲ್ಲೇ ಕಳೆಯುವ ಮಗುವಿಗೆ ಇನ್ನೇನು ಬೇಕು?

ಬಾಡಿಗೆ ಕಟ್ಟಿದವರು ಅವರ ಅಪ್ಪ ಅಮ್ಮ. ಅವರ ಮಾತು ನಮಗೆ ನೇರವಾಗಿ ಸಿಗುವುದು ತೀರ ಕಡಿಮೆ. ಮಕ್ಕಳ ಬಾಯಲ್ಲೇ ಅಲ್ಲಲ್ಲಿ ನುಸುಳಿ ಬರುತ್ತದೆ, ಹುಡುಕಬೇಕು. ಅಮ್ಮ ಅಳುತ್ತಿದ್ದಳು ಅನ್ನುವ ಸಾಲು. ಅಮ್ಮ ವಾರಕ್ಕೊಮ್ಮೆ ಅಜ್ಜಿಯ ಮನೆಗೆ ಹೋಗಿಬಿಡುತ್ತಿದ್ದಳು ಅನ್ನುವ ಸಾಲು. ಈಸ್ಟ್ ಎಂಡ್‌ನಲ್ಲಿ ತಾಯಿ ಮನೆ ಪಕ್ಕದ ಬೀದಿಯಲ್ಲಿ, ಅಕ್ಕ ಮೇಲಿನ ಮಹಡಿಯಲ್ಲಿ, ಸಂತೆ ಕೂಗಳತೆಯಲ್ಲಿ ಇತ್ತು. ಇಲ್ಲಿ ಬಂದರೆ ಕೆಸರು. ರಸ್ತೆ ಆಗಿಲ್ಲ, ಅಂಗಡಿ ದೂರ, ಶಾಲೆ ಸಾಲದೆ ಕೆಲವು ಮಕ್ಕಳು ಮನೆಯಲ್ಲೇ ಉಳಿದಿದ್ದರು. ಕುಡಿಯುವವರಿಗೆ ಪಬ್ ಕೂಡ ಮೈಲಿಗೊಂದು. ಗಂಡ ಬೆಳಗಿನ ಜಾವಕ್ಕೇ ಹೊರಡಬೇಕು. ಕೆಲಸಗಾರರಿಗೆ ರೈಲಿನಲ್ಲಿ ಅಗ್ಗದ ಟಿಕೆಟ್ ಸಿಗುತ್ತಿದ್ದದ್ದು ಬೆಳಗಿನ ಒಂದು ಹೊತ್ತಿನವರೆಗೆ ಮಾತ್ರ. ಹಾಗಾಗಿ ಅಷ್ಟು ಬೇಗ ಕೆಲಸ ಶುರುವಾಗದವರೂ ಆ ಹೊತ್ತಿಗೆ ಮುಂಚೆ ರೈಲು ಹತ್ತಿ, ಊರು ಸೇರಿ ಸುಮ್ನೆ ಕಾಯುತ್ತಿದ್ದರು. ಹೆಂಡತಿಗೆ ದಿನವಿಡೀ ಮಾತಾಡಲು ಯಾರಿಲ್ಲ. ಎಲ್ಲಾ ಬೀದಿಯೂ ಒಂದೇ ಥರ ಇದ್ದದ್ದರಿಂದ ಯಾರದೋ ಮನೆ ಬಾಗಿಲು ತಟ್ಟಿದ ತಮಾಷೆ ಕಥೆಗಳು ಬೇಕಾದಷ್ಟಿವೆ. ಆ ಹೆಂಗಸರಿಗೆ ಅದು ತಮಾಷೆಯಾಗಿ ಕಂಡಿತೋ ಇಲ್ಲವೋ.

ಇನ್ನೊಂದು ಗುಂಪಿನ ನೆನಪು ನಮಗೆ ಸಿಗುವುದೇ ಇಲ್ಲ: ಬಿಟ್ಟು ಹೋದವರದು. ಬಾಡಿಗೆ ಈಸ್ಟ್ ಎಂಡ್‌ಗಿಂತ ಜಾಸ್ತಿ. ಅದರ ಮೇಲೆ ರೈಲು ಖರ್ಚು, ದೊಡ್ಡ ಮನೆಗೆ ಕಂತಿನಲ್ಲಿ ತಂದ ಮೇಜು ಕುರ್ಚಿ. ಕೆಲಸ ಹೋದರೆ ಮುಗಿಯಿತು. ಮೊದಲ ವರ್ಷಗಳಲ್ಲಿ ಬಂದವರಲ್ಲಿ ಎಷ್ಟೋ ಸಂಸಾರಗಳು ವಾಪಸ್ ಹೋದವು. ಕೆಲವರು ಬಾಕಿ ಉಳಿಸಿ ರಾತ್ರೋರಾತ್ರಿ ಗಾಡಿ ಕಟ್ಟಿದರು. ಉಳಿದವರ ಮಕ್ಕಳು ಮ್ಯೂಸಿಯಂಗೆ ನೆನಪು ಕೊಟ್ಟರು. ಹೋದವರನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ಹಾಗಾಗಿ ಆ ಕಾಲ ಚಿನ್ನದಂಥ ಕಾಲ ಅಂತ ಎಲ್ಲರೂ ಒಂದೇ ಸ್ವರದಲ್ಲಿ ಹೇಳುವಾಗ ನಾನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳುತ್ತೇನೆ.

ಅಂದಹಾಗೆ ಮನೆ ಕೇಳಿದವರಿಗೆಲ್ಲ ಸಿಗುತ್ತಿರಲಿಲ್ಲ. ಅರ್ಜಿ ಹಾಕಿದರೆ ಎಲ್‌ಸಿಸಿಯವರು ಆಗ ಇದ್ದ ಮನೆಗೇ ಬಂದು ನೋಡುತ್ತಿದ್ದರು. ಕೆಲಸ ಖಾಯಂ ಇದೆಯಾ, ಬಾಡಿಗೆ ಕಟ್ಟುವ ತಾಕತ್ತಿದೆಯಾ, ಮನೆ ಚೊಕ್ಕಟವಾಗಿದೆಯಾ. ಹೀಗೆ ಬಂದವರು ಬಸ್ ಡ್ರೈವರುಗಳು, ಅಂಚೆಯವರು, ರೈಲ್ವೆಯವರು, ಕಸುಬು ಗೊತ್ತಿದ್ದ ಕಾರ್ಮಿಕರು. ಕಡುಬಡವರು ಕೊಳೆಗೇರಿಯಲ್ಲೇ ಉಳಿದರು. ಕಲ್ಲಿದ್ದಲಿನ ಮಾತು ಇವರಿಗೆ ಅಷ್ಟು ನೋವು ಕೊಟ್ಟಿದ್ದಕ್ಕೆ ಇದೂ ಒಂದು ಕಾರಣ. ತಾವು ಪರೀಕ್ಷೆ ಪಾಸಾಗಿ ಬಂದವರು ಅನ್ನುವ ಹೆಮ್ಮೆ ಅವರಿಗಿತ್ತು.

ಪರೀಕ್ಷೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಮನೆಯ ಜೊತೆ ಒಂದು ನಿಯಮಗಳ ಪುಸ್ತಕವೂ ಕೈಗೆ ಬರುತ್ತಿತ್ತು. ಕಿಟಕಿ ಗಾಜನ್ನು ವಾರಕ್ಕೊಮ್ಮೆಯಾದರೂ ಒರೆಸಬೇಕು. ಚಿಮಣಿಯ ಮಸಿ ತೆಗೆಸಬೇಕು. ಮುಂದಿನ ತೋಟ ಒಪ್ಪವಾಗಿರಬೇಕು. ಬೇಲಿ ಕತ್ತರಿಸಿರಬೇಕು. ಕೇಳದೆ ಕೋಳಿ ಸಾಕುವ ಹಾಗಿಲ್ಲ, ಹಿತ್ತಲಲ್ಲಿ ಶೆಡ್ ಹಾಕುವ ಹಾಗಿಲ್ಲ. ವಾರಕ್ಕೊಮ್ಮೆ ಬಾಡಿಗೆ ವಸೂಲಿಗೆ ಬರುವವನ ಕಣ್ಣು ಬಾಡಿಗೆ ಲೆಕ್ಕದ ಪುಸ್ತಕದ ಮೇಲೆ ಮಾತ್ರ ಇರುತ್ತಿರಲಿಲ್ಲ, ಮೆಟ್ಟಿಲ ಮೇಲೆ, ಪರದೆ ಮೇಲೆ, ಬೇಲಿ ಮೇಲೂ ಇರುತ್ತಿತ್ತು. ಚೆನ್ನಾಗಿ ತೋಟ ಮಾಡಿದವರಿಗೆ ಪ್ರತಿವರ್ಷ ಸ್ಪರ್ಧೆ, ಬಹುಮಾನ. ಈಸ್ಟ್ ಎಂಡ್‌ನಲ್ಲಿ ಒಂದು ಹೂಕುಂಡವನ್ನೂ ಕಂಡಿರದ ಗಂಡಸರು ಇಲ್ಲಿ ಗುಲಾಬಿಗೆ ಗೊಬ್ಬರ ಯಾವುದು ಒಳ್ಳೆಯದು ಅಂತ ಬೇಲಿಯಾಚೆಯವನ ಜೊತೆ ವಾದ ಮಾಡತೊಡಗಿದರು.

ಈ ನಿಯಮಗಳ ಬಗ್ಗೆ ಹಳಬರ ಮಾತು ಕೇಳಿದರೆ ಮಜಾ ಬರುತ್ತದೆ. ಮೊದಲು ಬೈಯುತ್ತಾರೆ. ನಮ್ಮ ಮನೆ ಬಾಗಿಲಿಗೆ ಯಾವ ಬಣ್ಣ ಅಂತ ಅವರೇ ತೀರ್ಮಾನ ಮಾಡುತ್ತಿದ್ದರು, ನಾವೇನು ಮಕ್ಕಳಾ ಅನ್ನುತ್ತಾರೆ. ಐದು ನಿಮಿಷ ಬಿಟ್ಟು ಅದೇ ಬಾಯಲ್ಲಿ ಇನ್ನೊಂದು ಮಾತು: ಆಗ ಬೀದಿ ನೋಡೋಕೆ ಎಷ್ಟು ಲಕ್ಷಣವಾಗಿತ್ತು ಗೊತ್ತಾ, ಈಗ ಯಾರೂ ಹೇಳೋರಿಲ್ಲ ಕೇಳೋರಿಲ್ಲ. ಎರಡೂ ಮಾತು ನಿಜವೇ. ನನಗೆ ಬೆಕನ್‌ಟ್ರೀ ಬಗ್ಗೆ ಹೇಳಬೇಕು ಅನಿಸಿದ್ದೇ ಈ ಕಾರಣಕ್ಕೆ. ಅಲ್ಲಿನವರ ಅಭಿಪ್ರಾಯಗಳು ಮೇಲುನೋಟಕ್ಕೆ ಮನೆಯ ಬಗ್ಗೆ, ಬೀದಿಯ ಬಗ್ಗೆ ಇದ್ದ ಹಾಗೆ ಕಾಣುತ್ತವೆ. ಒಳಗೆ ಇರುವುದು ಮಾಲೀಕನ ಲೆಕ್ಕ. ಬೇಲಿ ಯಾಕೆ ಕತ್ತರಿಸಿಲ್ಲ ಅಂತ ಕೇಳುವ ಮಾಲೀಕ ಕಿರಿಕಿರಿ, ಸರಿ. ಆದರೆ ಸೂರು ಸೋರಿದರೆ ಹೋಗಿ ಹೇಳುವುದಕ್ಕೂ ಅವನೇ ಇದ್ದ. ಅವನ ಹತ್ತಿರ ಬಡಗಿ ಇದ್ದ, ಪ್ಲಂಬರ್ ಇದ್ದ, ಬಣ್ಣದವನು ಇದ್ದ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳುವುದು ಅವರಿಗೆ ಆಗಲಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ, ಬಹಳ ಜನ ಗಮನಿಸಿಲ್ಲ. ಎಲ್‌ಸಿಸಿ ಲಂಡನ್ ಕೌಂಟಿಯವರು ಆರಿಸಿದ ಸಂಸ್ಥೆ. ಬೆಕನ್‌ಟ್ರೀ ಇದ್ದದ್ದು ಎಸೆಕ್ಸ್‌ನಲ್ಲಿ. ಅಂದರೆ ಅಷ್ಟೂ ಬಾಡಿಗೆದಾರರಿಗೆ ತಮ್ಮ ಮಾಲೀಕನಿಗೆ ಓಟು ಹಾಕುವ ಹಕ್ಕಿರಲಿಲ್ಲ! ಲಂಡನ್ ಬಿಟ್ಟು ಬಂದ ದಿನವೇ ಅದು ಹೋಯಿತು. ಬಡಾವಣೆ ಬಾರ್ಕಿಂಗ್, ಡ್ಯಾಗನಮ್, ಇಲ್ಫರ್ಡ್ ಅಂತ ಮೂರು ಸ್ಥಳೀಯ ಆಡಳಿತಗಳಲ್ಲಿ ಹಂಚಿಹೋಗಿತ್ತು. ಮನೆ ಎಲ್‌ಸಿಸಿಯದು, ಶಾಲೆ ಎಸೆಕ್ಸ್‌ನವರದು, ಕಸ ಸ್ಥಳೀಯರದು. ಶಾಲೆ ಇಲ್ಲ ಅಂತ ದೂರು ಕೊಟ್ಟರೆ ಚೆಂಡು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ. ಇಷ್ಟಾದರೂ ಹಳಬರು ಎಲ್‌ಸಿಸಿ ಅಂದರೆ ಒಂದು ಬಗೆಯ ಗೌರವದಿಂದಲೇ ಮಾತಾಡುತ್ತಾರೆ. ಓಟಿಗಿಂತ ಪ್ಲಂಬರ್ ಮುಖ್ಯವಾಗಿದ್ದಿರಬೇಕು.

ಕೆಲಸದ ಕಥೆ ಬೇಗ ಮುಗಿಸುತ್ತೇನೆ. ಬಡಾವಣೆ ಕಟ್ಟುವಾಗ ಪಕ್ಕದಲ್ಲಿ ಕಾರ್ಖಾನೆ ಬರುತ್ತದೆ ಅಂತ ಯೋಜನೆ ಇರಲಿಲ್ಲ. 1931ರ ಅಕ್ಟೋಬರ್‌ನಲ್ಲಿ ಡ್ಯಾಗನಮ್‌ನಲ್ಲಿ ಫೋರ್ಡ್ ಕಾರ್ಖಾನೆ ಶುರುವಾಯಿತು. ಅದು ಬೆಕನ್‌ಟ್ರೀಯ ಅದೃಷ್ಟ. 1950ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 40,000 ಜನ ದುಡಿಯುತ್ತಿದ್ದರು. ಅಪ್ಪ, ಚಿಕ್ಕಪ್ಪ, ಮಗ ಎಲ್ಲರೂ ಒಂದೇ ಗೇಟಿನೊಳಗೆ. 1968ರಲ್ಲಿ ಕಾರಿನ ಸೀಟಿನ ಕವರ್ ಹೊಲಿಯುವ 187 ಹೆಂಗಸರು ಕೆಲಸ ನಿಲ್ಲಿಸಿದರು. ತಮ್ಮ ಕಸುಬಿಗೆ ಸರಿಯಾದ ದರ್ಜೆ ಕೊಡಿ ಅಂತ. ಅದರ ಬಿಸಿಗೇ 1970ರಲ್ಲಿ ಸಮಾನ ವೇತನದ ಕಾಯ್ದೆ ಬಂತು. ಬಾಡಿಗೆ ದುಡ್ಡು ಎಣಿಸಿ ಎಣಿಸಿ ಇಟ್ಟು ಅಭ್ಯಾಸವಾದ ಹೆಂಗಸರಿಗೆ ಸಂಬಳದ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರು ಜೋಡಿಸುವ ಕೆಲಸ 2002ರಲ್ಲಿ ನಿಂತಿತು.

1950ರ ದಶಕದ ಕೊನೆಗೆ ಪೀಟರ್ ವಿಲ್ಮಾಟ್ ಅನ್ನುವ ಸಮಾಜಶಾಸ್ತ್ರಜ್ಞ ಇಲ್ಲಿಗೆ ಬಂದರು. ಇಂಥ ಹೊಸ ಬಡಾವಣೆಗಳಲ್ಲಿ ಜನ ಒಂಟಿಯಾಗುತ್ತಾರೆ, ನೆಂಟಸ್ತಿಕೆ ಕಡಿದುಹೋಗುತ್ತದೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಅವರು ಕಂಡದ್ದೇ ಬೇರೆ. ಮೂವತ್ತು ನಲವತ್ತು ವರ್ಷ ಕಳೆದಿತ್ತು. ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಸಾಧ್ಯವಾದವರು ಹತ್ತಿರದಲ್ಲೇ ಮನೆ ಹಿಡಿದಿದ್ದರು. ಮಗಳು ದಿನಾ ತಾಯಿಯ ಮನೆಗೆ ಬಂದು ಹೋಗುವುದು ಮತ್ತೆ ಶುರುವಾಗಿತ್ತು. ಈಸ್ಟ್ ಎಂಡ್ ತಾನಾಗೇ ಮತ್ತೆ ಚಿಗುರಿತ್ತು.

ಆದರೆ ಸಾಧ್ಯವಾದವರು ಅಂದೆ ನೋಡಿ, ಅಲ್ಲೇ ಇರುವುದು ತೊಡಕು. ಬಡಾವಣೆ 1935ಕ್ಕೆ ತುಂಬಿಹೋಗಿತ್ತು. ಹೊಸ ಮನೆ ಇಲ್ಲ. ಖಾಲಿಯಾದ ಮನೆ ಇಲ್ಲಿನವರ ಮಕ್ಕಳಿಗೇ ಸಿಗುತ್ತದೆ ಅನ್ನುವ ಖಾತರಿಯಿಲ್ಲ, ಮಾಲೀಕ ಇಡೀ ಲಂಡನ್ನಿನ ಪಟ್ಟಿ ನೋಡಬೇಕು. ಮದುವೆಯಾದವರು ಹೆರಾಲ್ಡ್ ಹಿಲ್, ಬ್ಯಾಸಿಲ್ಡನ್ ಅಂತ ಇನ್ನೂ ದೂರ ಹೊರಟರು. ಅಜ್ಜಿಯನ್ನು ಬಿಟ್ಟು ಬಂದ ಅಮ್ಮ ಅತ್ತಿದ್ದಳು. ಈಗ ಮಗಳು ಹೊರಟಳು ಅಂತ ಅದೇ ಅಮ್ಮ ಅತ್ತಳು. ಬೆಕನ್‌ಟ್ರೀಯವರ ದೂರುಗಳಲ್ಲಿ ಅತಿ ಹಳೆಯದು, ಇವತ್ತಿಗೂ ಜೀವಂತ ಇರುವುದು ಇದೇ: ನಮ್ಮ ಮಕ್ಕಳಿಗೆ ಇಲ್ಲಿ ಮನೆ ಇಲ್ಲ.

1965ರಲ್ಲಿ ಎಲ್‌ಸಿಸಿ ಹೋಯಿತು. ಲಂಡನ್ ದೊಡ್ಡದಾಗಿ, ಡ್ಯಾಗನಮ್ ಕೂಡ ಅದರೊಳಗೆ ಸೇರಿಕೊಂಡಿತು. ಮನೆಗಳು ಮುಂದೆ ಸ್ಥಳೀಯ ಕೌನ್ಸಿಲ್ ಕೈಗೆ ಬಂದವು. ಆಮೇಲೆ 1980. ಮಾರ್ಗರೆಟ್ ಥ್ಯಾಚರ್ ಸರ್ಕಾರ ವಸತಿ ಕಾಯ್ದೆ ತಂದಿತು. ಕೌನ್ಸಿಲ್ ಮನೆಯಲ್ಲಿ ಮೂರು ವರ್ಷ ಇದ್ದವರು ಅದನ್ನು ಕೊಳ್ಳಬಹುದು. ಪೇಟೆಯ ಬೆಲೆಯಲ್ಲಿ 33 ಶೇಕಡಾ ರಿಯಾಯಿತಿ. ಹಳೇ ಬಾಡಿಗೆದಾರರಾದರೆ ವರ್ಷ ಲೆಕ್ಕ ಹಾಕಿ 50 ಶೇಕಡಾವರೆಗೆ. ಅರ್ಧ ಬೆಲೆಗೆ, ತಾವು ಹುಟ್ಟಿ ಬೆಳೆದ ಮನೆ. ಯಾರು ಬೇಡ ಅಂತಾರೆ ಹೇಳಿ?

ಕೊಂಡ ಮೇಲೆ ಜನ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಬಾಗಿಲು ಬದಲಾಯಿಸಿದ್ದು. ಅರವತ್ತು ವರ್ಷ ಎಲ್ಲರ ಬಾಗಿಲಿಗೂ ಅವರು ಹೇಳಿದ ಬಣ್ಣ. ಈಗ ಒಬ್ಬರದು ಕೆಂಪು, ಒಬ್ಬರದು ಕೆತ್ತನೆಯ ಮರ, ಹಿತ್ತಾಳೆಯ ಗುಂಡಿ. ಕಿಟಕಿಗೆ ವಜ್ರದ ಆಕಾರದ ಗಾಜು. ಇಟ್ಟಿಗೆ ಗೋಡೆಯ ಮೇಲೆ ಕಲ್ಲಿನ ಚಪ್ಪಡಿಯ ಸಿಂಗಾರ. ಮುಂಬಾಗಿಲಿಗೆ ಕಂಬದ ಮುಖಮಂಟಪ. ನಾಲ್ಕು ಮನೆ ಅಂಟಿಕೊಂಡಿರುವ ಸಾಲಿನಲ್ಲಿ ಯಾರು ಕೊಂಡರು, ಯಾರು ಕೊಳ್ಳಲಿಲ್ಲ ಅಂತ ರಸ್ತೆಯಲ್ಲಿ ನಿಂತೇ ಹೇಳಬಹುದಿತ್ತು. ವಾಸ್ತುಶಿಲ್ಪದ ಪಂಡಿತರು ಇದನ್ನು ನೋಡಿ ಮೂಗು ಮುರಿದರು, ಬಡಾವಣೆಯ ಅಂದ ಕೆಟ್ಟಿತು ಅಂತ. ನನಗೆ ಮಾತ್ರ ಆ ಕಲ್ಲಿನ ಗೋಡೆಗಳನ್ನು ಕಂಡರೆ ನಗು ಬರುವುದಿಲ್ಲ. ಅಷ್ಟು ವರ್ಷ ಅಪ್ಪಣೆ ಕೇಳಿದವರು ಮೊದಲ ಸಲ ಕೇಳದೆ ಒಂದು ಕೆಲಸ ಮಾಡಿದ್ದಾರೆ. ಸ್ವಲ್ಪ ಜಾಸ್ತಿ ಮಾಡಿದ್ದಾರೆ, ಇರಲಿ ಬಿಡಿ.

ಬೇಲಿಗಳೂ ಹೋದವು. ಕಾರು ಬಂತು, ನಿಲ್ಲಿಸುವುದಕ್ಕೆ ಜಾಗ ಬೇಕು. ಗುಲಾಬಿಗೆ ಬಹುಮಾನ ಬಂದಿದ್ದ ತೋಟಕ್ಕೆ ಕಾಂಕ್ರೀಟ್ ಬಿತ್ತು.

ಅಲ್ಲಿಂದ ಮುಂದೆ ಕಥೆ ಕವಲೊಡೆಯುತ್ತದೆ. ಕೊಂಡವರಲ್ಲಿ ಕೆಲವರು ಅಲ್ಲೇ ಉಳಿದರು. ಕೆಲವರು ಒಳ್ಳೆಯ ಬೆಲೆಗೆ ಮಾರಿ ಎಸೆಕ್ಸ್‌ನ ಒಳಭಾಗಕ್ಕೋ ಸಮುದ್ರ ತೀರಕ್ಕೋ ಹೋದರು. ಹಾಗೆ ಮಾರಿದ ಎಷ್ಟೋ ಮನೆಗಳು ಬಾಡಿಗೆ ದಂಧೆಯವರ ಕೈ ಸೇರಿದವು. ಕೌನ್ಸಿಲ್ ಬಾಡಿಗೆಗೆ ಕೊಟ್ಟಿದ್ದ ಮನೆಯೇ ಈಗ ಖಾಸಗಿ ಮಾಲೀಕನಿಂದ ಎರಡು ಪಟ್ಟಿಗೂ ಮೀರಿದ ಬಾಡಿಗೆಗೆ. ಲಂಡನ್ನಿನ ಒಳಗೆ ಬಾಡಿಗೆ ಏರಿದ ಹಾಗೆಲ್ಲ ಹೊಸಬರು ಬಂದರು. ನೈಜೀರಿಯಾ, ಘಾನಾದವರು, ಬಾಂಗ್ಲಾದೇಶ, ಲಿಥುವೇನಿಯಾದವರು, ಭಾರತದವರು. ಅವರೂ ಬಂದದ್ದು 1921ರ ಜನ ಬಂದ ಕಾರಣಕ್ಕೇ: ಒಂದು ಬಾಗಿಲು, ಒಂದು ಹಿತ್ತಲು, ಮಕ್ಕಳಿಗೆ ಒಂದು ಕೋಣೆ.

ಹಳಬರಿಗೆ ಕಂಡದ್ದು ಹಾಗಲ್ಲ. ನಮ್ಮ ಮಕ್ಕಳಿಗೆ ಇಲ್ಲದ ಮನೆ ಇವರಿಗೆ ಹೇಗೆ ಸಿಕ್ಕಿತು? ಸಿಕ್ಕಿದ್ದು ಕೌನ್ಸಿಲ್‌ನಿಂದಲ್ಲ, ಬಹಳಷ್ಟು ಸಲ ಹಿಂದೆ ಅವರ ನೆರೆಯವರೇ ಮಾರಿದ ಮನೆ. ಅದನ್ನು ಯಾರು ವಿಚಾರಿಸುತ್ತಾರೆ? ಆಫ್ರಿಕಾದವರನ್ನು ಗುಟ್ಟಾಗಿ ದುಡ್ಡು ಕೊಟ್ಟು ಕರೆಸುತ್ತಿದ್ದಾರೆ ಅನ್ನುವ ಸುಳ್ಳುಸುದ್ದಿ ಹಬ್ಬಿತು. 2006ರ ಚುನಾವಣೆಯಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಅನ್ನುವ ಬಲಪಂಥೀಯ ಜನಾಂಗದ್ವೇಷಿ ಪಕ್ಷ ಬಾರ್ಕಿಂಗ್ ಮತ್ತು ಡ್ಯಾಗನಮ್ ಕೌನ್ಸಿಲ್‌ನ 51ರಲ್ಲಿ 12 ಸ್ಥಾನ ಗೆದ್ದುಬಿಟ್ಟಿತು. 2010ರಲ್ಲಿ ಅಷ್ಟನ್ನೂ ಕಳೆದುಕೊಂಡಿತು, 51ಕ್ಕೆ 51 ಲೇಬರ್ ಪಕ್ಷಕ್ಕೆ. ಸುಳ್ಳು ಸೋತಿತು, ಒಳ್ಳೆಯದಾಯಿತು. ಮನೆಯ ಕೊರತೆ ಮಾತ್ರ ಹಾಗೇ ಉಳಿಯಿತು. ಕಲ್ಲಿದ್ದಲಿನ ಸುಳ್ಳಿಗೆ ನೊಂದವರ ಮಕ್ಕಳು ಇನ್ನೊಬ್ಬರ ಮೇಲಿನ ಸುಳ್ಳನ್ನು ನಂಬಿದರಲ್ಲ ಅಂತ ನನಗೆ ಬೇಜಾರಿದೆ. ಅದನ್ನು ಮುಚ್ಚಿಟ್ಟು ಬರೀ ಗುಲಾಬಿ ತೋಟದ ನೆನಪು ಹೇಳಿದರೆ ಈ ಮಾತಿಗೆ ಅರ್ಥವಿಲ್ಲ.

ನಮ್ಮವರೂ ಈ ಕಥೆಯೊಳಗೆ ಇದ್ದಾರೆ. ಲಂಡನ್ನಿಗೆ ಓದಲು ಹೋದ ನಮ್ಮ ಕಡೆಯ ಹುಡುಗರು ಈಸ್ಟ್ ಹ್ಯಾಮ್ ಕಡೆ ಸೇರಿಕೊಳ್ಳುವುದು ನಿಮಗೆ ಗೊತ್ತಿರಬಹುದು. ದೋಸೆ ಸಿಗುತ್ತದೆ, ಅಕ್ಕಿ ಬೇಳೆ ಸಿಗುತ್ತದೆ. ಅದೇ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಮುಂದಕ್ಕೆ ಬಾರ್ಕಿಂಗ್, ಅಪ್ನಿ, ಆಮೇಲೆ ಬೆಕನ್‌ಟ್ರೀ. ನನಗೆ ಪರಿಚಯದ ಹಾಸನದ ಕಡೆಯ ಹುಡುಗನೊಬ್ಬ ಅಲ್ಲಿ ಇಂಥದೇ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದ. ಹಿಂದೆ ನೆಂಟರು ಬಂದರೆ ಮಾತ್ರ ತೆರೆಯುತ್ತಿದ್ದ ಮುಂದಿನ ಕೋಣೆ ಈಗ ಅವನ ಮಲಗುವ ಕೋಣೆ. ಒಟ್ಟು ಐದು ಜನ, ಒಬ್ಬರಿಗೊಬ್ಬರು ಗುರುತಿಲ್ಲ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ಒರೆಸುತ್ತಾನೆ, ಮತ್ತೆ ಬರುತ್ತದೆ. ಮಾಲೀಕ ಯಾರು ಅಂತ ಅವನಿಗೆ ಗೊತ್ತಿಲ್ಲ. ಏಜೆಂಟನಿಗೆ ಫೋಟೋ ಕಳಿಸಿದರೆ ಕಿಟಕಿ ತೆಗೆದಿಡಿ ಅಂತ ಉತ್ತರ ಬರುತ್ತದೆ. ಬೇಲಿ ಕತ್ತರಿಸಿ ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಬೇಲಿಯೇ ಇಲ್ಲ. ಈ ಮನೆಗೆ ಒಂದು ಕಾಲದಲ್ಲಿ ಕೌನ್ಸಿಲ್‌ನ ಪ್ಲಂಬರ್ ಬರುತ್ತಿದ್ದ ಅಂದಾಗ ಅವನು ನಂಬಲಿಲ್ಲ.

ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: ಮಕ್ಕಳ ನೆನಪು, ಉಳಿದವರ ನೆನಪು, ಯಾವುದನ್ನೂ ಪೂರ್ತಿ ನಂಬಬೇಡಿ ಅಂತೀರಿ. ಹಾಗಾದರೆ ನೆನಪು ಸಂಗ್ರಹಿಸಿ ಏನು ಪ್ರಯೋಜನ?

ನಾನು ಹೇಳಿದ್ದು ನಂಬಬೇಡಿ ಅಂತ ಅಲ್ಲ, ಯಾರು ಹೇಳಿದರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ ಅಂತ. ಎಲ್‌ಸಿಸಿಯ ಕಡತಗಳಲ್ಲಿ ಎಷ್ಟು ಮನೆಗೆ ತೊಟ್ಟಿ ಹಾಕಿಸಿದರು ಅಂತ ಸಿಗುತ್ತದೆ. ಅಣ್ಣ ಸ್ನಾನ ಮುಗಿಸುವವರೆಗೆ ಚಹಾ ಇಲ್ಲ ಅನ್ನುವುದು ತಂಗಿ ಹೇಳಿದರೆ ಮಾತ್ರ ಸಿಗುತ್ತದೆ. ನಟ ಡಡ್ಲಿ ಮೂರ್ ಬೆಳೆದದ್ದೂ ಇದೇ ಬಡಾವಣೆಯಲ್ಲಿ. ಅಂಥವರ ಬಾಲ್ಯವನ್ನು ಬರೆಯುವವರು ಬೇಕಾದಷ್ಟಿದ್ದಾರೆ. ಸೀಟಿನ ಕವರ್ ಹೊಲಿದವಳ ಅಡುಗೆಮನೆಯ ಕಥೆಗೆ ಅವಳನ್ನೇ ಕೇಳಬೇಕು. ಮತ್ತೆ ಅವಳ ನೆರೆಯವಳನ್ನೂ ಕೇಳಬೇಕು, ಅಲ್ವಾ?

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಹಾಗಾದರೆ ಆ ಮನೆಗಳನ್ನು ಮಾರಿದ್ದು ತಪ್ಪಾ?

ಕೊಂಡವರದು ತಪ್ಪಲ್ಲ ಅಂದೆ. ನಾನಾಗಿದ್ದರೂ ಕೊಳ್ಳುತ್ತಿದ್ದೆ. ಮಾರಿ ಬಂದ ದುಡ್ಡಿನಲ್ಲಿ ಅಷ್ಟೇ ಮನೆ ಕಟ್ಟಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಆ ದುಡ್ಡನ್ನು ಕೌನ್ಸಿಲ್‌ಗಳು ಮನಸ್ಸಿಗೆ ಬಂದ ಹಾಗೆ ಹೊಸ ಮನೆಗೆ ಹಾಕುವ ಹಾಗಿರಲಿಲ್ಲ, ಮೇಲಿನ ಸರ್ಕಾರ ಕೈಕಟ್ಟಿ ಹಾಕಿತ್ತು. ಮಾರಿದ್ದು ಮಾರಿದ ಹಾಗೇ ಆಯಿತು. ಅದಕ್ಕೇ ಬೆಕನ್‌ಟ್ರೀಯಲ್ಲಿ ಒಬ್ಬರೇ ಎರಡು ಮಾತು ಹೇಳುವುದು ಕೇಳಿಸುತ್ತದೆ. ಮನೆ ಕೊಂಡದ್ದು ನನ್ನ ಜೀವನದಲ್ಲೇ ಒಳ್ಳೆಯ ಕೆಲಸ ಅನ್ನುತ್ತಾರೆ. ಮೊಮ್ಮಗಳಿಗೆ ಕೌನ್ಸಿಲ್ ಮನೆ ಸಿಗುತ್ತಿಲ್ಲ ಅಂತಲೂ ಹೇಳುತ್ತಾರೆ. ಅಲ್ಲಿನ ಕೌನ್ಸಿಲ್ ಈಚಿನ ವರ್ಷಗಳಲ್ಲಿ ಮತ್ತೆ ಕಟ್ಟಲು ಹೊರಟಿತು. 2017ರಲ್ಲಿ ಅದಕ್ಕೇ ಅಂತ ಬಿ ಫಸ್ಟ್ ಅನ್ನುವ ತನ್ನದೇ ಕಂಪನಿ ಮಾಡಿಕೊಂಡಿತು. ಕಟ್ಟಿದ್ದು ಬಹುಪಾಲು ಫ್ಲಾಟ್‌ಗಳು. ಹಿತ್ತಲು ಇಲ್ಲದ್ದು ಎಂಥ ಮನೆ ಅಂತ ಹಳಬರು ಕೇಳಿದರೆ ನನಗೇನೂ ಆಶ್ಚರ್ಯವಿಲ್ಲ.